ಬೇಡ ಅನ್ನುವವರ ಪಕ್ಷ

ಆ ಪಕ್ಷದಲ್ಲಿ ಯಾರಿಗೂ ಏನೂ ಬೇಕಾಗಿರಲಿಲ್ಲ. ದೇಶದ ಉದ್ದಗಲಕ್ಕೂ ಶಾಖೆಗಳಿದ್ದ, ಎರಡು ಸಲ ಸರ್ಕಾರ ನಡೆಸಿ ಬೀಗಿದ್ದ ದೊಡ್ಡ ಪಕ್ಷ ಅದು. ಆದರೆ ಅದರ ಹೊಸಿಲಿನಿಂದ ಅಟ್ಟದವರೆಗೆ ಜಾಲಾಡಿದರೂ ‘ನನಗೆ ಇಂಥ ಹುದ್ದೆ ಬೇಕು’ ಎಂದು ಬಾಯಿಬಿಟ್ಟು ಹೇಳುವ ಒಂದು ನರಪಿಳ್ಳೆಯೂ ಸಿಗುತ್ತಿರಲಿಲ್ಲ. ಆಸೆ ಇರಲಿಲ್ಲವೆಂದಲ್ಲ. ಆಸೆ ಎಲ್ಲರ ಹೊಟ್ಟೆಯಲ್ಲೂ ಇತ್ತು, ಕೆಲವರ ಹೊಟ್ಟೆಯಲ್ಲಂತೂ ಅಂಗಿಯ ಗುಂಡಿ ಕಿತ್ತುಬರುವಷ್ಟಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಅವರು ಪಕ್ಷದ ಸಿದ್ಧಾಂತಕ್ಕಿಂತ ಚೆನ್ನಾಗಿ ಅರಗಿಸಿಕೊಂಡಿದ್ದರು.

ಇದಕ್ಕೆಲ್ಲ ಮೂಲ ಒಂದು ಹಲ್ಲುನೋವು. ಪಕ್ಷ ಕಟ್ಟಿದ ಹಿರಿಯರನ್ನು ಅಧ್ಯಕ್ಷರಾಗಿ ಎಂದು ಮೊದಲ ಸಭೆ ಕೇಳಿಕೊಂಡ ದಿನ ಅವರ ದವಡೆ ಊದಿಕೊಂಡಿತ್ತು. ಭಾಷಣ ಮಾಡಿದರೆ ಪ್ರಾಣ ಹೋದೀತೆಂದು ‘ಬೇಡ’ ಎಂದರು. ಜನ ಬಿಡಲಿಲ್ಲ. ಮತ್ತೆ ‘ಬೇಡ’ ಎಂದರು. ಮೂರನೆಯ ಸಲವೂ ‘ಬೇಡ’ ಎಂದು, ಆಮೇಲೆ ಬಾಯಿ ತೆರೆಯಲೂ ಆಗದೆ ತಲೆ ತಗ್ಗಿಸಿ ಕೂತರು. ಮೌನವೇ ಸಮ್ಮತಿ ಎಂದು ಜನ ಚಪ್ಪಾಳೆ ತಟ್ಟಿಬಿಟ್ಟರು. ಹಲ್ಲು ಕೀಳಿಸಿಕೊಂಡ ಮೇಲೆ ಅವರು ಒಳ್ಳೆಯ ಅಧ್ಯಕ್ಷರೇ ಆದರು, ಅದು ಬೇರೆ ಮಾತು. ಅವರ ನಂತರ ಬಂದವರಿಗೆಲ್ಲ ಹಲ್ಲು ಗಟ್ಟಿಯಾಗಿಯೇ ಇದ್ದವು. ಆದರೂ ಮೂರು ಸಲ ಬೇಡವೆನ್ನುವುದು, ಆಮೇಲೆ ತಲೆ ತಗ್ಗಿಸಿ ಸುಮ್ಮನಾಗುವುದು, ಆಗ ಸಭೆ ಚಪ್ಪಾಳೆ ತಟ್ಟುವುದು ಪದ್ಧತಿಯಾಗಿ ನಿಂತಿತು. ಮತದಾನದ ಮಹಿಮೆಯನ್ನು ಊರೂರಿಗೆ ಹೋಗಿ ಸಾರುವ ಪಕ್ಷ ತನ್ನ ಮನೆಯೊಳಗೆ ಮಾತ್ರ ಒಂದು ಸಲವೂ ಮತ ಹಾಕಿರಲಿಲ್ಲ.

ಈ ಬೇಡಗಳನ್ನು ಬರೆದುಕೊಡುತ್ತಿದ್ದವಳು ಚಿಕ್ಕಮ್ಮ. ಹುಡುಗಿಯಾಗಿದ್ದಾಗ ಟೈಪಿಸ್ಟಾಗಿ ಪಕ್ಷದ ಕಚೇರಿಗೆ ಸೇರಿ, ಈಗ ಅರವತ್ತರ ಹೊಸಿಲಲ್ಲಿ ಕಚೇರಿಯ ಕಾರ್ಯದರ್ಶಿಯಾಗಿದ್ದಳು. ಮದುವೆಯಾಗಿರಲಿಲ್ಲ. ಮಂತ್ರಿಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ‘ಈ ಭಾರ ಹೊರಲು ನನ್ನ ಹೆಗಲು ಚಿಕ್ಕದು’, ‘ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವನು’, ಇಂಥ ಸಾಲುಗಳನ್ನು ಅವಳ ಹಾಗೆ ಬರೆಯುವವರು ಬೇರೆ ಯಾರೂ ಇರಲಿಲ್ಲ. ಅವಳು ಬರೆದ ನಿರಾಕರಣೆ ಕೇಳಿ ಗಟ್ಟಿ ಗಟ್ಟಿ ಆಳುಗಳು ಕರವಸ್ತ್ರ ತೆಗೆದದ್ದುಂಟು. ಬೇಡವೆಂದು ಬರೆದೂ ಬರೆದೂ ಕೊನೆಗೆ ಅವಳಿಗೂ ಅದು ರೂಢಿಯಾಗಿಬಿಟ್ಟಿತು. ಯಾರ ಮನೆಗೆ ಹೋದರೂ ಚಹಾ ಬೇಡ, ಕುರ್ಚಿ ಬೇಡ, ಫ್ಯಾನು ಬೇಡ. ಆತಿಥೇಯರು ಎರಡು ಸಲ ಉಪಚಾರ ಮಾಡಿದ ಮೇಲೆ ಎರಡು ಲೋಟ ಚಹಾ ಕುಡಿದು ಬರುತ್ತಿದ್ದಳು.

ಈ ರೂಢಿ ಅವಳಿಗೆ ದುಬಾರಿಯಾಗಿ ಬಿದ್ದದ್ದು ರಸ್ತೆಯ ಆಚೆ ಬದಿಯಲ್ಲಿ. ಪಕ್ಷದ ಕಚೇರಿಗೆ ಎದುರಾಗಿ ಒಂದು ಕನ್ನಡಕದ ಅಂಗಡಿ ಇತ್ತು. ಅಂಗಡಿಯವರು ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದ, ಉದ್ದನೆಯ, ಮೆಲುಮಾತಿನ ಮನುಷ್ಯ. ಎಲ್ಲ ಪಕ್ಷದವರಿಗೂ ಅವರೇ ಕನ್ನಡಕ ಮಾಡಿಕೊಡುತ್ತಿದ್ದರು. ದೂರದ್ದು ಕಾಣದಿರುವ ಕಾಯಿಲೆ ಎಲ್ಲ ಪಕ್ಷದಲ್ಲೂ ಒಂದೇ ಸಮ ಇದೆ ಎನ್ನುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಚಿಕ್ಕಮ್ಮ ಅಲ್ಲಿ ಹೋಗಿ ಕೂರುವುದು, ಅವರು ಹಿಂದಿನ ಕೋಣೆಯ ಸಣ್ಣ ಒಲೆಯಲ್ಲಿ ಚಹಾ ಮಾಡುವುದು, ಇಬ್ಬರೂ ಜಗತ್ತಿನ ಮೇಲೆ ಹರಟುವುದು ಎಷ್ಟೋ ವರ್ಷದಿಂದ ನಡೆದುಬಂದಿತ್ತು. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಒಂದು ಫ್ರೇಮಿನ ತಿರುಪು ಬಿಗಿ ಮಾಡುತ್ತ, ತಲೆ ಎತ್ತದೆ, ನಾವಿಬ್ಬರೂ ಮದುವೆಯಾದರೆ ಹೇಗೆ ಎಂದು ಕೇಳಿದ್ದರು.

ಚಿಕ್ಕಮ್ಮನ ಎದೆ ಹಿಗ್ಗಿ ಹೀರೇಕಾಯಿಯಾಯಿತು. ಆದರೆ ಬಾಯಿ ತನ್ನ ಪಾಡಿಗೆ ತಾನು ರೂಢಿಯ ಮಾತಾಡಿತು.

“ನನಗ್ಯಾಕೆ ಬಿಡಿ ಅದೆಲ್ಲ, ಈ ವಯಸ್ಸಲ್ಲಿ,” ಎಂದಳು. ಎಂದು, ಎರಡನೆಯ ಸಲ ಕೇಳಲಿ ಎಂದು ಸೆರಗು ಸರಿಮಾಡಿಕೊಂಡು ಕಾದಳು.

ಅವರು ಕೇಳಲಿಲ್ಲ. ಅವರ ಕಸುಬೇ ಅಂಥದ್ದು. ಕುರ್ಚಿಯಲ್ಲಿ ಕೂತವರು ಗೋಡೆಯ ಅಕ್ಷರ ಕಾಣುವುದಿಲ್ಲ ಎಂದರೆ ಅವರು ನಂಬಿ ಗಾಜು ಬದಲಿಸುತ್ತಿದ್ದರು. ‘ಇಲ್ಲ, ಕಾಣುತ್ತೆ, ಇನ್ನೊಮ್ಮೆ ನೋಡಿ’ ಎಂದು ಗಿರಾಕಿಯ ಮೇಲೆ ಒತ್ತಾಯ ಹೇರಿದರೆ ಕನ್ನಡಕ ಮಾಡಲಾದೀತೇ. ಆಯಿತು ಎಂದು ತಲೆಯಾಡಿಸಿ, ಚಹಾಕ್ಕೆ ಸಕ್ಕರೆ ಸಾಕೇ ಎಂದು ವಿಚಾರಿಸಿದರು. ಮಾರನೆಯ ದಿನದಿಂದ ಮತ್ತೆ ಅದೇ ಹರಟೆ, ಅದೇ ಚಹಾ, ಆ ಮಾತು ಮಾತ್ರ ಇಲ್ಲ. ಚಿಕ್ಕಮ್ಮ ಮನೆಗೆ ಬಂದು ಕೆಳಗಿನ ಮನೆಯಲ್ಲಿದ್ದ ತಂಗಿಗೆ ಈ ಸಂಗತಿ ಹೇಳಿದಾಗ ತಂಗಿ ಹಣೆ ಹಣೆ ಚಚ್ಚಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಕೇಳಿದ್ದೇನೆ, ಬಾಯಿಗೆ ಬಂದ ತುತ್ತನ್ನು ಉಗುಳಿದವಳನ್ನು ಇವತ್ತೇ ನೋಡಿದ್ದು ಎಂದಳು.

ಈಗ ಕನ್ನಡಕದವರು ಅಂಗಡಿ ಮುಚ್ಚುತ್ತಿದ್ದರು. ಸಮುದ್ರದ ಊರಿನಲ್ಲಿ ಅವರ ಅಣ್ಣ ಬಿಟ್ಟುಹೋದ ಒಂದು ಪುಟ್ಟ ಮನೆ ಇತ್ತು. ಅಂಗಡಿಯನ್ನು ಮೊಬೈಲಿನ ಕವಚ ಮಾರುವವರಿಗೆ ಕೊಟ್ಟು, ಭಾನುವಾರ ಸಂಜೆಯ ರೈಲಿಗೆ ಟಿಕೆಟು ತೆಗೆದಿದ್ದರು. ಈ ಸಲ ಅವರು ಕೇಳಲಿ ಬಿಡಲಿ, ತಾನೇ ಹೋಗಿ ಹೇಳಿಬಿಡಬೇಕು ಎಂದು ಚಿಕ್ಕಮ್ಮ ಗಟ್ಟಿ ಮನಸ್ಸು ಮಾಡಿದ್ದಳು. ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ‘ನನಗೆ ನೀವು ಬೇಕು’ ಎಂದು ಅಭ್ಯಾಸ ಮಾಡಿದಳು. ‘ನೀವು’ ತನಕ ಸಲೀಸಾಗಿ ಬರುತ್ತಿತ್ತು, ಆಮೇಲಿನದು ಗಂಟಲಲ್ಲೇ ಕೂತುಬಿಡುತ್ತಿತ್ತು. ಭಾನುವಾರ ಬೆಳಿಗ್ಗೆ ಅಧ್ಯಕ್ಷರ ಆಯ್ಕೆಯ ಮಹಾಸಭೆ. ಅದು ಮಧ್ಯಾಹ್ನಕ್ಕೆ ಮುಗಿದರೆ ಸಂಜೆಯೊಳಗೆ ಹೇಗಾದರೂ ಬಾಯಿ ಬಂದೀತು ಎಂದು ಲೆಕ್ಕ ಹಾಕಿದಳು.

ಮಹಾಸಭೆಗೆ ಕಚೇರಿಯ ಹಿಂದಿನ ದೊಡ್ಡ ಸಭಾಂಗಣ ತುಂಬಿ ತುಳುಕಿತು. ಒಳಗೆ ಹಿಡಿಸದವರಿಗಾಗಿ ರಸ್ತೆಯ ಕಂಬಗಳಿಗೆ ಧ್ವನಿವರ್ಧಕ ಕಟ್ಟಿದ್ದರು. ಹಳೆಯ ಅಧ್ಯಕ್ಷರು ಮಂಡಿನೋವೆಂದು ಇಳಿಯುತ್ತಿದ್ದರು. ಆ ಜಾಗಕ್ಕೆ ಇಬ್ಬರ ಹೆಸರು ಓಡಾಡುತ್ತಿತ್ತು. ಒಬ್ಬರು ಖಜಾಂಚಿ, ಜೇನಿನಂಥ ಮಾತು, ತೆಪ್ಪದಂಥ ಮೈ. ಇನ್ನೊಬ್ಬರು ಪ್ರೊಫೆಸರ್, ಪಾಠ ಬಿಟ್ಟು ಇಪ್ಪತ್ತು ವರ್ಷವಾದರೂ ಎದುರಿಗಿದ್ದವರನ್ನು ಫೇಲಾದ ಹುಡುಗರಂತೆ ನೋಡುವ ಸ್ವಭಾವ. ಇಬ್ಬರೂ ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ಚಿಕ್ಕಮ್ಮನ ಬಳಿ ಬಂದು ಒಂದೊಂದು ಬೇಡ ಬರೆಸಿಕೊಂಡು ಹೋಗಿದ್ದರು. ಅವಳು ಇಬ್ಬರಿಗೂ ಮನಸ್ಸಿಟ್ಟು ಬರೆದುಕೊಟ್ಟಿದ್ದಳು. ಅಲ್ಲೇ ಎಡವಟ್ಟಾಯಿತು.

ಮೊದಲು ಖಜಾಂಚಿಯ ಹೆಸರು ಬಂತು. ಅವರು ಎದ್ದು, ಕಣ್ಣಲ್ಲಿ ನೀರು ತಂದುಕೊಂಡು, ತನ್ನ ಹೆಗಲು ಚಿಕ್ಕದು ಎಂದು ಓದಿದರು. ಆ ಹೆಗಲಿನ ಅಗಲ ನೋಡಿದವರು ಯಾರೂ ಆ ಮಾತು ನಂಬುವಂತಿರಲಿಲ್ಲ, ಆದರೂ ಓದು ಅಷ್ಟು ಮನಮುಟ್ಟುವಂತಿತ್ತು. ಪದ್ಧತಿಯ ಪ್ರಕಾರ ಸಭೆ ‘ಬೇಕು, ಬೇಕು’ ಎಂದು ಕೂಗಬೇಕು. ಅದಕ್ಕೆ ಮೊದಲೇ ಪ್ರೊಫೆಸರ್ ಚಂಗನೆ ಎದ್ದರು. ಇಂಥ ಪ್ರಾಮಾಣಿಕರ ಇಚ್ಛೆಯನ್ನು ನಾವು ಗೌರವಿಸದಿದ್ದರೆ ಹೇಗೆ, ಅವರಿಗೆ ಬೇಡವೆಂದರೆ ಬೇಡ ಎಂದು ಚಪ್ಪಾಳೆ ಆರಂಭಿಸಿಬಿಟ್ಟರು. ಅವರ ಕಡೆಯವರೆಲ್ಲ ಸೇರಿಕೊಂಡರು. ಖಜಾಂಚಿ ಎರಡನೆಯ ಹಾಳೆ ಕೈಯಲ್ಲಿ ಹಿಡಿದುಕೊಂಡೇ ಕೂರಬೇಕಾಯಿತು. ಪಕ್ಷದ ಇತಿಹಾಸದಲ್ಲೇ ಮೊದಲ ಸಲ ಒಬ್ಬರ ಬೇಡವನ್ನು ಜನ ನಂಬಿದ್ದರು.

ಆಮೇಲೆ ಪ್ರೊಫೆಸರ್ ಹೆಸರು ಬಂತು. ಇಷ್ಟೆಲ್ಲ ಮಾಡಿದ ಮನುಷ್ಯ ತನ್ನ ಸರದಿಯಲ್ಲಾದರೂ ನೆಟ್ಟಗೆ ಒಪ್ಪಿಕೊಳ್ಳಬಹುದಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅವರೂ ಎದ್ದು, ತಾನು ಹಿಂದಿನ ಸಾಲಿನವನು ಎಂದು ಗದ್ಗದವಾಗಿ ಓದಿದರು. ಓದು ಮುಗಿಯುವ ಮುಂಚೆಯೇ ಖಜಾಂಚಿಯ ಕಡೆಯವರು ಎದ್ದು ನಿಂತು, ಪ್ರೊಫೆಸರರ ಇಚ್ಛೆಯನ್ನೂ ಗೌರವಿಸೋಣ ಎಂದು ಅಂಗೈ ಕೆಂಪಾಗುವಂತೆ ತಟ್ಟಿದರು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡಾಗಲೂ ಜನ ತಟ್ಟುತ್ತಲೇ ಇದ್ದರು.

ಸಭೆಯಲ್ಲಿ ಈಗ ಅಧ್ಯಕ್ಷ ಇಲ್ಲ, ಅಭ್ಯರ್ಥಿಯೂ ಇಲ್ಲ. ಮುಂದೇನು ಎಂದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಮುಂದೇನಾದರೂ ಇರಬಹುದು ಎಂದು ಯಾರೂ ಯೋಚಿಸಿಯೇ ಇರಲಿಲ್ಲ. ಹಳೆಯ ಅಧ್ಯಕ್ಷರು ದಿಕ್ಕು ತೋಚದೆ ಅತ್ತಿತ್ತ ನೋಡಿದಾಗ ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ ಕಣ್ಣಿಗೆ ಬಿದ್ದಳು. ನಮ್ಮ ಚಿಕ್ಕಮ್ಮನೇ ಆಗಲಿ ಎಂದುಬಿಟ್ಟರು. ಖಜಾಂಚಿಗೆ ಪ್ರೊಫೆಸರ್ ಆಗದಿದ್ದರೆ ಸಾಕಿತ್ತು, ಪ್ರೊಫೆಸರಿಗೆ ಖಜಾಂಚಿ ಆಗದಿದ್ದರೆ ಸಾಕಿತ್ತು. ಸಭೆ ಹೋ ಎಂದಿತು.

ಚಿಕ್ಕಮ್ಮನಿಗೆ ನಿಂತ ನೆಲ ಜಾರಿದಂತಾಯಿತು. ಅಧ್ಯಕ್ಷಳಾದರೆ ನಾಳೆಯಿಂದ ಪ್ರವಾಸ, ಸಭೆ, ಸರ್ಕಾರಿ ಬಂಗಲೆ, ಬಾಗಿಲಲ್ಲಿ ಸದಾ ಜಾತ್ರೆಯಂತೆ ಜನ. ಸಮುದ್ರದ ಊರಿನ ಪುಟ್ಟ ಮನೆಯ ಮಾತು ಅಲ್ಲಿಗೆ ಮುಗಿದಂತೆ. ಮೈಕಿನ ಮುಂದೆ ಬಂದು, ಒಂದು ಅಲಂಕಾರವೂ ಇಲ್ಲದೆ, ನನಗೆ ಬೇಡ ಎಂದಳು.

ಸಭೆ ಭೋರ್ಗರೆಯಿತು. ಇಷ್ಟು ಸೊಗಸಾದ ಬೇಡವನ್ನು ಅವರು ಯಾರ ಬಾಯಲ್ಲೂ ಕೇಳಿರಲಿಲ್ಲ. ಎಂಥ ಸರಳತೆ, ಎಂಥ ಬಿಗಿ, ಎಷ್ಟಾದರೂ ಎಲ್ಲರ ಬೇಡ ಬರೆದ ಕೈಯಲ್ಲವೇ ಎಂದು ಮುಂದಿನ ಸಾಲಿನವರು ತಲೆದೂಗಿದರು. ಅವಳು ನಿಜವಾಗಿಯೂ ಬೇಡ ಎಂದು ಬೇಡಿಕೊಂಡಳು. ಅದನ್ನು ಎರಡನೆಯ ಬೇಡ ಎಂದು ಎಣಿಸಿಕೊಂಡರು. ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ, ಅವಳು ಬೇಡವೆಂದಷ್ಟೂ ಅವರಿಗೆ ಬೇಕಾಯಿತು. ಮೂರನೆಯದನ್ನು ಊಟದ ನಂತರ ಹೇಳಿದರೆ ಸಾಕು ಎಂದು ಹಳೆಯ ಅಧ್ಯಕ್ಷರು ಪ್ರೀತಿಯಿಂದ ಬೆನ್ನು ತಟ್ಟಿ ಬಿಡುವು ಕೊಟ್ಟರು. ಆಗಲೇ ಯಾರೋ ಹೂಗುಚ್ಛಕ್ಕೆ ನೀರು ಚಿಮುಕಿಸುತ್ತಿದ್ದರು.

ಚಿಕ್ಕಮ್ಮ ಊಟ ಬಿಟ್ಟು ರಸ್ತೆ ದಾಟಿದಳು.

ಅಂಗಡಿಯ ಕಪಾಟುಗಳು ಬರಿದಾಗಿದ್ದವು. ಗೋಡೆಯಲ್ಲಿ ಫ್ರೇಮುಗಳಿದ್ದ ಕಡೆಯೆಲ್ಲ ಮಾಸದ ಬಣ್ಣದ ಸಣ್ಣ ಸಣ್ಣ ಚೌಕಗಳು. ಅವಳು ಎಷ್ಟೋ ವರ್ಷದಿಂದ ಕೂರುತ್ತಿದ್ದ ಕುರ್ಚಿಯ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಕನ್ನಡಕದವರು ಅಕ್ಷರದ ಹಲಗೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ಅವಳನ್ನು ಕಂಡು ಪೆಟ್ಟಿಗೆ ಇಳಿಸಿ ಕುರ್ಚಿ ಒರೆಸಿದರು. ಧ್ವನಿವರ್ಧಕದಲ್ಲಿ ಎಲ್ಲ ಕೇಳಿಸಿತು ಎಂದರು. ಅವರ ಮುಖದಲ್ಲಿ ಬೇಸರಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ಅಷ್ಟು ಸ್ಪಷ್ಟವಾಗಿ ಬೇಡ ಅಂದ್ರಲ್ಲ, ಮತ್ತೆ ಅವರು ಯಾಕೆ ಚಪ್ಪಾಳೆ ಹೊಡೆದ್ರು?”

“ನಮ್ಮಲ್ಲಿ ಬೇಡ ಅಂದ್ರೆ ಬೇಕು ಅಂತ ಅರ್ಥ,” ಎಂದಳು ಚಿಕ್ಕಮ್ಮ.

ಪತ್ರಿಕೆ ಸುತ್ತುತ್ತಿದ್ದ ಕೈ ನಿಂತಿತು.

“ಹಾಗಾದ್ರೆ ನಿಜವಾಗಿ ಬೇಕಾದಾಗ ಏನಂತೀರಿ?”

“ಅದಕ್ಕೆ ನಮ್ಮಲ್ಲಿ ಮಾತೇ ಇಲ್ಲ.”

ಈಗಲೇ, ಇಲ್ಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ‘ನನಗೆ’ ಬಂತು. ‘ನೀವು’ ಬರುವಷ್ಟರಲ್ಲಿ ಪಕ್ಷದ ಕಾರ್ಯಕರ್ತರ ದಂಡು ಬಾಗಿಲಲ್ಲಿ ನಿಂತಿತ್ತು. ಚಿಕ್ಕಮ್ಮ, ಮೂರನೇ ಬೇಡಕ್ಕೆ ಹೊತ್ತಾಯಿತು ಎಂದು ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದರು.

ರಸ್ತೆ ದಾಟುವಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇಡೀ ಜಗತ್ತಿನಲ್ಲಿ ತನ್ನ ಮಾತನ್ನು ಮಾತಿದ್ದ ಹಾಗೆ ನಂಬಿದವರು ಒಬ್ಬರೇ. ಅವರ ಮುಂದೆಯೇ ಸುಳ್ಳು ಹೇಳಿದೆ. ನಂಬದವರ ಮುಂದೆ ಈಗ ನಿಜ ಹೇಳಿ ಗೋಗರೆಯುತ್ತಿದ್ದೇನೆ. ಸಭಾಂಗಣದ ಮೆಟ್ಟಿಲು ಹತ್ತುವಾಗ ಅವಳಿಗೆ ಒಂದು ಯೋಚನೆ ಹೊಳೆದು, ಅದರ ಧೈರ್ಯಕ್ಕೆ ಅವಳಿಗೇ ನಗು ಬಂತು. ಈ ಪಕ್ಷದಲ್ಲಿ ಅಧ್ಯಕ್ಷರಾಗದಿರಲು ಒಂದೇ ದಾರಿ, ಬೇಕು ಎಂದುಬಿಡುವುದು.

ಮೈಕಿನ ಮುಂದೆ ನಿಂತಳು. ಸಭೆ ಮೂರನೆಯ ಬೇಡಕ್ಕಾಗಿ ಕೈ ಎತ್ತಿ ಚಪ್ಪಾಳೆಗೆ ಸಿದ್ಧವಾಗಿ ಕೂತಿತ್ತು.

“ನನಗೆ ಬೇಕು,” ಎಂದಳು ಚಿಕ್ಕಮ್ಮ. “ಬಹಳ ದಿನದಿಂದ ಬೇಕಾಗಿತ್ತು. ಕೊಡಿ.”

ಎತ್ತಿದ ಕೈಗಳು ಎತ್ತಿದಂತೆಯೇ ನಿಂತವು. ಮುಂದಿನ ಸಾಲಿನ ಹಿರಿಯರೊಬ್ಬರು ಮಗನ ಬಾಯಲ್ಲಿ ಬೈಗುಳ ಕೇಳಿದವರಂತೆ ಕಿವಿ ಮುಚ್ಚಿಕೊಂಡರು. ಹೂಗುಚ್ಛ ಹಿಡಿದು ಬರುತ್ತಿದ್ದವರು ಅರ್ಧ ದಾರಿಯಲ್ಲಿ ತಿರುಗಿ, ಏನೂ ಗೊತ್ತಿಲ್ಲದವರಂತೆ ಅದನ್ನು ಕಿಟಕಿಯ ಮೇಲಿಟ್ಟರು. ಹಳೆಯ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಹಾಗಾದರೆ ಬೇರೆ ಹೆಸರು ನೋಡೋಣ ಎಂದು ಗೊಣಗಿದರು. ಚಿಕ್ಕಮ್ಮ ಒಳಗೊಳಗೇ ಕುಣಿದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ, ಇನ್ನೇನು ಚೀಲ ತೆಗೆದುಕೊಂಡು ಹೊರಡುವುದೇ.

ಅಷ್ಟರಲ್ಲಿ ಹಿಂದಿನ ಬಾಗಿಲ ಬಳಿ ನಿಂತವರಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಅವರ ಪಕ್ಕದವರೂ ತಟ್ಟಿದರು. ಒಬ್ಬರಾದರೂ ನಿಜ ಹೇಳಿದರಲ್ಲಪ್ಪ ಎಂದು ಹಿಂದಿನ ಸಾಲುಗಳೆಲ್ಲ ಎದ್ದು ನಿಂತವು. ‘ಚಿಕ್ಕಮ್ಮನೇ ಬೇಕು’ ಎಂಬ ಕೂಗು ಹಿಂದಿನಿಂದ ಹೊರಟು ಮುಂದಿನ ಸಾಲನ್ನೂ ಮುಳುಗಿಸಿತು. ಹೂಗುಚ್ಛ ಕಿಟಕಿಯಿಂದ ಮತ್ತೆ ಇಳಿಯಿತು.

ಚಿಕ್ಕಮ್ಮನ ಸ್ಥಿತಿ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಬೇಡವೆಂದರೂ ಪಟ್ಟ ಕಟ್ಟುತ್ತಾರೆ, ಬೇಕೆಂದರೂ ಕಟ್ಟುತ್ತಾರೆ. ಸಭೆಯ ಮೇಲೆ ಕಣ್ಣಾಡಿಸಿದಳು. ಆಗ ಅವಳಿಗೆ ಆ ಮುಖಗಳೆಲ್ಲ ಬೇರೆ ರೀತಿ ಕಂಡವು. ಖಜಾಂಚಿ ಓದಲಾಗದ ಎರಡನೆಯ ಹಾಳೆಯನ್ನು ಇನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪ್ರೊಫೆಸರ್ ತುಟಿ ಕಚ್ಚಿಕೊಂಡಿದ್ದರು. ಇಬ್ಬರನ್ನೂ ಕಂಡು ಅವಳಿಗೆ ಕರುಳು ಚುರ್ ಎಂದಿತು. ತನ್ನ ಹಾಗೆಯೇ ಬೇಕಾದದ್ದನ್ನು ಬೇಡವೆಂದು ಕೈಬಿಟ್ಟವರು, ಪಾಪ.

“ನನ್ನೊಬ್ಬಳಿಗೇನಾ ಬೇಕಾಗಿರೋದು?” ಎಂದು ಕೇಳಿದಳು. “ಬೇರೆ ಯಾರಿಗೂ ಬೇಡ್ವಾ? ಬೇಕಾದವರು ಎದ್ದು ನಿಲ್ಲಿ. ಯಾರೂ ನಗೋದಿಲ್ಲ.”

ಯಾರೂ ಏಳಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು, ಅಷ್ಟೆ. ಆಮೇಲೆ ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. ಸಾರಿಗೆ ಕಾರ್ಮಿಕರ ಪ್ರತಿನಿಧಿ, ಸ್ವತಃ ಬಸ್ಸು ಓಡಿಸುವವಳು, ಎಲ್ಲರೂ ಡ್ರೈವರಕ್ಕ ಎನ್ನುತ್ತಿದ್ದರು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ತೋಳು. ಅವಳು ಮೈಕು ಕೇಳಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ.

“ನನಗೆ ಬೇಕು,” ಎಂದಳು. “ಬಸ್ಸಲ್ಲಿ ಇಳಿಯೋರು ಗಂಟೆ ಹೊಡೀತಾರೆ. ನಾಚ್ಕೊಂಡು ಸುಮ್ನೆ ಕೂತ್ರೆ ಅವರ ಸ್ಟಾಪು ದಾಟಿ ಹೋಗುತ್ತೆ. ನಾನು ಎರಡು ಮಹಾಸಭೆಯಿಂದ ಗಂಟೆ ಹೊಡೀದೆ ಕೂತಿದ್ದೆ. ಈ ಪಕ್ಷ ಹೇಗೆ ಓಡಿಸ್ಬೇಕು ಅಂತ ನನಗೆ ಗೊತ್ತು, ಓಡಿಸೋ ಆಸೇನೂ ಇದೆ.”

ಅದೊಂದು ಸಾಕಾಯಿತು. ಖಜಾಂಚಿ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ನಿಂತು, ತನ್ನ ಹೆಗಲು ಅಷ್ಟೇನೂ ಚಿಕ್ಕದಲ್ಲ ಎಂದು ಒಪ್ಪಿಕೊಂಡರು. ಸಭೆ ನಕ್ಕಿತು, ಅವರೂ ನಕ್ಕರು. ತೆಪ್ಪದಂಥ ಮೈಯೆಲ್ಲ ಅಲುಗಿತು. ಎಷ್ಟೋ ವರ್ಷದಿಂದ ಬಿಗಿದುಕೊಂಡಿದ್ದ ಪ್ರೊಫೆಸರ್ ಅದನ್ನು ನೋಡಿ ತಡೆಯಲಾರದೆ ಎದ್ದರು. ಆ ಮೂಲೆಯಲ್ಲೊಬ್ಬರು, ಈ ಮೂಲೆಯಲ್ಲೊಬ್ಬರು ಎದ್ದರು. ಯಾರೂ ನೆನೆಸದಿದ್ದವರು, ಬಾಯಲ್ಲಿ ಬೆರಳಿಟ್ಟರೂ ಕಚ್ಚದಂಥವರೆಲ್ಲ ಕೆಂಪಗಾಗಿ ಎದ್ದು ನಿಂತರು. ಹಳೆಯ ಅಧ್ಯಕ್ಷರಿಗೇ ಆಸೆ ಮರುಕಳಿಸಿ, ಮಂಡಿನೋವು ಮರೆತು ಅರ್ಧ ಎದ್ದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ವೇದಿಕೆಗೆ ಕೈ ಚಾಚಿ ಅಂಗಿ ಹಿಡಿದು ಕೂರಿಸಿದರು. ಒಬ್ಬರನ್ನೊಬ್ಬರು ನೋಡಿಕೊಂಡು ಜನ ಬಿದ್ದು ಬಿದ್ದು ನಗತೊಡಗಿದರು. ಕದ್ದು ತಿಂದ ಬೆಲ್ಲ ಎಲ್ಲರ ಬಾಯಲ್ಲೂ ಇದೆ ಎಂದು ಗೊತ್ತಾದ ಮಕ್ಕಳಂತೆ ಆ ದೊಡ್ಡ ಸಭಾಂಗಣ ಹಗುರಾಗಿಬಿಟ್ಟಿತು.

“ಈಗ ನನ್ನ ಹೆಸರು ಬಿಡಿ,” ಎಂದಳು ಚಿಕ್ಕಮ್ಮ. “ನನಗೆ ಬೇಡ. ಇದು ನಿಜವಾದ ಬೇಡ. ನನಗೆ ಬೇಕಾಗಿರೋದು ಬೇರೆ ಇದೆ, ಅದಕ್ಕೆ ಹೊತ್ತಾಗ್ತಾ ಇದೆ.”

ಅವಳ ಮಾತನ್ನು ಸಭೆ ನಂಬಿತು. ಬೇಕು ಎನ್ನುವ ಮಾತಿಗೆ ಬಾಯಿ ಬಂದ ಮೇಲೆ ಬೇಡ ಎನ್ನುವ ಮಾತಿಗೂ ಬೆಲೆ ಬಂದಿತ್ತು. ಅಷ್ಟು ಜನ ನಿಂತ ಮೇಲೆ ಮತ ಹಾಕದೆ ಗತಿಯಿರಲಿಲ್ಲ. ದೇಶಕ್ಕೆಲ್ಲ ಚುನಾವಣೆ ಬೋಧಿಸುವ ಪಕ್ಷದ ಕಚೇರಿಯಲ್ಲಿ ಒಂದು ಮತಪೆಟ್ಟಿಗೆಯೂ ಇರಲಿಲ್ಲ. ಚಹಾದ ದೊಡ್ಡ ಡ್ರಮ್ಮನ್ನು ತೊಳೆದು, ಒರೆಸಿ, ವೇದಿಕೆಯ ಮೇಲಿಟ್ಟರು. ಜನ ಸಾಲುಗಟ್ಟಿ ನಿಂತು, ಮುಚ್ಚಳ ಎತ್ತಿ ಚೀಟಿ ಹಾಕತೊಡಗಿದರು. ಚಿಕ್ಕಮ್ಮ ಎಲ್ಲರಿಗೂ ಚೀಟಿ ಹಂಚಿ ಮುಗಿಸಿ, ಕೊನೆಯದಾಗಿ ತನ್ನ ಚೀಟಿಯಲ್ಲಿ ಡ್ರೈವರಕ್ಕ ಎಂದು ಬರೆದು ಹಾಕಿ, ಪಕ್ಕದ ಬಾಗಿಲಿನಿಂದ ಹೊರಬಿದ್ದಳು.

ಕನ್ನಡಕದ ಅಂಗಡಿಯ ಷಟರು ಮುಚ್ಚಿತ್ತು. ಬೀಗ ಬಿದ್ದಿತ್ತು.

ಮೊದಲು ಅವಳಿಗೆ ಅರ್ಥವಾಗಲಿಲ್ಲ, ರೈಲಿಗೆ ಇನ್ನೂ ಸಮಯವಿತ್ತು. ಆಮೇಲೆ ಕಂಬದ ಮೇಲಿನ ಧ್ವನಿವರ್ಧಕ ಕಣ್ಣಿಗೆ ಬಿತ್ತು. ‘ನನಗೆ ಬೇಕು, ಬಹಳ ದಿನದಿಂದ ಬೇಕಾಗಿತ್ತು, ಕೊಡಿ’ ಎಂದದ್ದು ರಸ್ತೆಗೆಲ್ಲ ಕೇಳಿಸಿರುತ್ತದೆ. ಹೇಳಿದ ಮಾತನ್ನು ಹೇಳಿದಂತೆಯೇ ನಂಬುವ ಆ ಮಹಾರಾಯರು ಅದನ್ನೂ ನಂಬಿ ಬೀಗ ಜಡಿದು ಹೊರಟಿರುತ್ತಾರೆ. ಆಮೇಲಿನ ನಿಜವಾದ ಬೇಡ ಕೇಳುವವರೆಗೆ ಅವರು ಯಾಕೆ ನಿಂತಿರುತ್ತಾರೆ. ಬೀದಿಯಲ್ಲಿ ಯಾರು ನೋಡುತ್ತಾರೆ ಏನನ್ನುತ್ತಾರೆ ಎಂದು ಯೋಚಿಸದೆ ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಅವರು ಮೂಲೆಯ ಬಸ್ ಸ್ಟಾಪಿನಲ್ಲಿ ಸಿಕ್ಕರು, ಅಂಗಡಿಯ ಕೀಲಿಯನ್ನು ಹೊಸಬರ ಮನೆಗೆ ಮುಟ್ಟಿಸಿ ಆಗಷ್ಟೇ ಬಂದಿದ್ದರು. ಎರಡು ಪೆಟ್ಟಿಗೆ, ಕಂಕುಳಲ್ಲಿ ಪತ್ರಿಕೆ ಸುತ್ತಿದ ಅಕ್ಷರದ ಹಲಗೆ. ನಿಲ್ದಾಣದ ಬೆಂಚಿನ ಮೇಲೆ ಇನ್ನೂ ನಾಲ್ಕಾರು ಜನ ಕೂತಿದ್ದರು. ಅವಳನ್ನು ಕಂಡು ಕನ್ನಡಕದವರು ಎದ್ದು ನಿಂತು, ಕೇಳಿಸಿತು, ಒಳ್ಳೆಯದಾಯಿತು, ನಿಮ್ಮಂಥವರೇ ಆಗಬೇಕು ಎಂದು ಮನಸಾರೆ ಹೇಳಿದರು. ದನಿ ಮಾತ್ರ ಸ್ವಲ್ಪ ಕುಗ್ಗಿತ್ತು.

ಚಿಕ್ಕಮ್ಮ ಏದುಸಿರು ಬಿಡುತ್ತಲೇ ಮಾತಾಡಿದಳು. “ಅದು ಸುಳ್ಳು. ಅಲ್ಲಿ ಬೇಡವಾಗಿತ್ತು, ಅದಕ್ಕೇ ಬೇಕು ಅಂದೆ. ನಾಲ್ಕು ವರ್ಷದ ಹಿಂದೆ ಬೇಕಾಗಿತ್ತು, ಬೇಡ ಅಂದೆ. ಈಗ ಎರಡೂ ಅಲ್ಲ, ಇದ್ದಿದ್ದನ್ನ ಇದ್ದ ಹಾಗೆ ಹೇಳ್ತೀನಿ. ನನಗೆ ನೀವು ಬೇಕು. ನನ್ನ ಮದುವೆ ಆಗ್ತೀರಾ?”

ಬೆಂಚಿನ ಮೇಲಿದ್ದವರು ಕತ್ತು ಚಾಚಿದರು. ಕನ್ನಡಕದವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು.

“ನನಗ್ಯಾಕೆ ಬಿಡಿ ಅದೆಲ್ಲ, ಈ ವಯಸ್ಸಲ್ಲಿ,” ಎಂದರು.

ಹೊತ್ತು ಮೀರಿತು, ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಚಿಕ್ಕಮ್ಮ ಬೆಂಚಿನ ತುದಿ ಹಿಡಿದಳು. ಅಷ್ಟರಲ್ಲಿ ಅದು ತನ್ನದೇ ಮಾತು ಎಂದು ಹೊಳೆಯಿತು. ತಲೆ ಎತ್ತಿ ನೋಡಿದರೆ ಅವರ ಮೀಸೆಯ ತುದಿ ಕುಣಿಯುತ್ತಿತ್ತು.

“ನಿಮ್ಮ ಕಡೆ ಪದ್ಧತಿ ಹಾಗಂತ ನೀವೇ ಹೇಳಿದ್ರಲ್ಲ,” ಎಂದರು. “ಒಂದಾಯ್ತು.”

ಚಿಕ್ಕಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಯಾವುದನ್ನು ಮೊದಲು ಬಿಡುವುದೆಂದು ತಿಳಿಯಲಿಲ್ಲ. ದೂರದಲ್ಲಿ ಬಸ್ಸು ತಿರುವು ತೆಗೆದುಕೊಂಡು ಬರುತ್ತಿತ್ತು.

“ಇನ್ನೆರಡನ್ನ ಬೇಗ ಹೇಳಿ ಮುಗಿಸಿ,” ಎಂದಳು. “ಟಿಕೆಟ್ ಇನ್ನೊಂದು ತಗೋಬೇಕು.”

ಅವರು ಒಂದು ಪೆಟ್ಟಿಗೆ ಎತ್ತುತ್ತ ಬೇಡ ಎಂದರು. ಇನ್ನೊಂದನ್ನು ಅವಳ ಕೈಗೆ ಕೊಡುತ್ತ ಬೇಡ ಎಂದರು. ಆಮೇಲೆ, ಪದ್ಧತಿಯಲ್ಲಿ ಒಂದು ಕೂದಲೆಳೆಯೂ ತಪ್ಪದಂತೆ, ತಲೆ ತಗ್ಗಿಸಿ ಸುಮ್ಮನೆ ನಿಂತರು. ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಯಾರೋ ಎಣಿಕೆ ಮುಗಿಯುವ ಮೊದಲೇ ಡ್ರೈವರಕ್ಕ ಗೆದ್ದಳೆಂದು ಕೂಗಿ ಹೇಳುತ್ತಿದ್ದರು, ಸಭಾಂಗಣದೊಳಗೆ ಸೂರು ಹಾರಿಹೋಗುವಂತೆ ಜನ ತಟ್ಟುತ್ತಿದ್ದರು. ಚಿಕ್ಕಮ್ಮ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಬಸ್ ಸ್ಟಾಪಿನಲ್ಲಿ, ಒಬ್ಬಳೇ, ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು.